ಕೆರೆ ದಂಡೆಯ ಕಾವಲು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ, ಬೈದುಕೋ. 'ಚೆನ್ನಾಗಿದ್ದೇನೆ' ಎಂದು ಬರೆದು ಹೊಡೆದುಹಾಕಿದೆ. ಅದು ಸುಳ್ಳೋ, ಅರ್ಧ ಸುಳ್ಳೋ ನನಗೇ ತಿಳಿಯುತ್ತಿಲ್ಲ.

ನಮ್ಮ ಮನೆಯವರ ಜೊತೆ ಲಿಫ್ಟ್ ರಿಪೇರಿ ಮಾಡುತ್ತಿದ್ದವನು ಲಿಫ್ಟಿನ ಗುಂಡಿಯೊಳಗೆ ಬಿದ್ದು ತೀರಿಕೊಂಡ ಮೇಲೆ ಈ ಮನೆಯಲ್ಲಿ ನಿದ್ದೆಯಿಲ್ಲ ಎಂದು ಬರೆದಿದ್ದೆನಲ್ಲ. ದಿನಾ ಸ್ವಲ್ಪ ಹೊತ್ತು ನೀರಿನ ಹತ್ತಿರ ಕೂತರೆ ಎದೆಬಡಿತ ಇಳಿಯುತ್ತದೆ, ಮನಸ್ಸು ತಿಳಿಯಾಗುತ್ತದೆ ಎಂದು ಡಾಕ್ಟರು ಅವರಿಗೆ ಹೇಳಿದ್ದನ್ನೂ ಬರೆದಿದ್ದೆ. ಅವರು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಕೆಲಸದಿಂದ ಬಂದವರೇ ಕೈಯ ಗ್ರೀಸು ತೊಳೆದು ಕೆರೆಗೆ ಹೊರಡುತ್ತಾರೆ.

ಎಲ್ಲರಿಗೂ ನೀರು ಸಮಾಧಾನವಂತೆ. ನನಗೆ ಕಾಣುವುದು ಅದರ ಆಳ ಮಾತ್ರ. ಅವರಿಗೆ ಈಜು ಬಾರದು, ಹೊತ್ತು ಮುಳುಗುವ ಸಮಯ ಬೇರೆ. ಗ್ಯಾಸ್ ಆಫ್ ಮಾಡಿ, ಬೀಗ ಹಾಕಿ, ಮತ್ತೆ ಬೀಗ ತೆಗೆದು ಗ್ಯಾಸ್ ನೋಡಿ, ಅವರ ಹಿಂದೆ ಓಡುತ್ತೇನೆ. ದೋಣಿ ಬಾಡಿಗೆಗೆ ಕೊಡುವ ಹೆಂಗಸಿನ ಶೆಡ್ಡಿನ ಮರೆಯಲ್ಲಿ ನಿಂತು ಅವರ ಬೆನ್ನು ಕಾಯುವುದೇ ನನ್ನ ಸಂಜೆ. ನೀವೂ ಒಂದು ಕಣ್ಣಿಟ್ಟಿರಿ ಎಂದು ಅವಳಿಗೆ ಹೇಳಿದ್ದೆ. "ಮೀನಿಗೇ ಬೇಜಾರು ಬರೋ ಹಾಗೆ ಕೂತಿರ್ತಾರೆ, ಎಲ್ಲಿಗೆ ಹೋಗ್ತಾರೆ ಬಿಡಮ್ಮ" ಅಂದಳು. ನನಗೂ ನಗು ಬಂತು. ನಕ್ಕು ಎಷ್ಟು ಕಾಲವಾಗಿತ್ತು ಎಂದು ಆಮೇಲೆ ಯೋಚಿಸಿದೆ.

ನಿನ್ನೆ, ನೀರು ದೋಣಿಗಳಿಗೆ ತಟ್ಟುವ ಸದ್ದು ಕೇಳುತ್ತಾ ಕೂತು ಗೋಡೆಗೆ ಒರಗಿದವಳಿಗೆ ಜೊಂಪು ಹತ್ತಿಬಿಟ್ಟಿತು. ಕಣ್ಣು ಬಿಟ್ಟರೆ ಬೆಂಚು ಖಾಲಿ. ನೀರಿನ ಅಂಚಿನ ಮೆಟ್ಟಿಲ ಮೇಲೆ ಅವರ ಚಪ್ಪಲಿ, ಒಂದರ ಪಕ್ಕ ಒಂದು. ಗಾಳಿ ನಿಂತಿತ್ತು, ಆ ಸದ್ದೂ ನಿಂತಿತ್ತು. ಮೊಣಕಾಲವರೆಗೆ ನೀರಿಗಿಳಿದಿದ್ದೆ, ಅಕ್ಕ. ನನಗೂ ಈಜು ಬಾರದು ಎನ್ನುವುದು ನೆನಪಾಗಲೇ ಇಲ್ಲ.

ಹಿಂದಿನಿಂದ ಬಂದು ತೋಳು ಹಿಡಿದವರು ಅವರೇ. ನನಗೆ ಹೊದಿಸಲು ಏನಾದರೂ ಸಿಗುತ್ತದೆಯೇ ಎಂದು ಶೆಡ್ಡಿನೊಳಗೆ ಹೋಗಿದ್ದರಂತೆ. ಅವರ ಹೆಗಲ ಮೇಲೆ ದೋಣಿಯವಳ ಹಳೆಯ ಕಂಬಳಿ. ನಾನು ಚಪ್ಪಲಿಯತ್ತ ಕೈ ತೋರಿಸಿದೆ.

"ಚಪ್ಪಲಿ ಸದ್ದಿಗೆ ಎದ್ದುಬಿಡ್ತೀಯ ಅಂತ ಅಲ್ಲೇ ಬಿಟ್ಟು ಬಂದೆ ಕಣೇ. ನೀನು ಮಲಗಿದ್ದು ನೋಡಿ ಎಷ್ಟು ತಿಂಗಳಾಯ್ತು."

ಕಂಬಳಿಯನ್ನು ತೆಗೆದು ನನ್ನ ಮೈಗೆ ಸುತ್ತಿದರು.

ನೀರಿನಿಂದ ಒಳ್ಳೆಯದಾಗುತ್ತದೆಯೋ ಇಲ್ಲವೋ ಇನ್ನೂ ಹೇಳಲಾರೆ. ಇವತ್ತು ಮರೆಯಲ್ಲಿ ನಿಲ್ಲುವುದಿಲ್ಲ, ಬೆಂಚಿನ ಮೇಲೆ ಪಕ್ಕದಲ್ಲೇ ಕೂರುತ್ತೇನೆ. ಹೆದರಿಕೆಯೂ ಬಂದು ನಡುವೆ ಕೂರುತ್ತದೆ. ಕೂತಿರಲಿ.

ನಿನ್ನ,
ಪುಟ್ಟಿ

ತಾ.ಕ.: ಹೋದ ಕಾಗದದಲ್ಲೂ ಇದರಲ್ಲೂ ಒಂದು ಮಾತು ತಿರುಚಿದ್ದೇನೆ. ಅಪಘಾತವಾದ ವಾರವೇ ಅವರು ಕೆಲಸಕ್ಕೆ ಮರಳಿದರು, ರಾತ್ರಿ ನಿದ್ದೆಯನ್ನೂ ಮಾಡುತ್ತಾರೆ. ನೀರಿನ ಹತ್ತಿರ ಕೂರಬೇಕೆಂದು ಡಾಕ್ಟರು ಹೇಳಿದ್ದು ನನಗೆ. ಮನೆ ಬಿಟ್ಟು ಕದಲಲಾರೆ ಎಂದು ಹಟ ಹಿಡಿದೆ. ಮಾರನೆಯ ಸಂಜೆಯಿಂದ ಅವರು ಒಬ್ಬರೇ ಹೊರಡತೊಡಗಿದರು, ನಾನು ಹಿಂದೆ ಬಂದೇ ಬರುತ್ತೇನೆಂದು ತಿಳಿದು.