ನಿಂತ ಬಸ್ಸಿನ ಆಚೆ

ಮಾರ್ಚ್ ೯, ಸೋಮವಾರ

ನನ್ನ ಮುದ್ದು ಮಗಳೇ,

ನೀನೂ ಅಳಿಯಂದಿರೂ ಪಾಪುವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೀನಿ. ಉತ್ತರ ತಡವಾಯ್ತು, ಬೈಕೋಬೇಡ. ಫೋನಿನಲ್ಲಿ ಹೇಳೋಣ ಅಂದ್ರೆ ನಿನ್ನ ದನಿ ಕೇಳಿದ ಕೂಡಲೇ ಪಾಪುವಿನ ಕಡೆಗೆ ಮಾತು ತಿರುಗಿಸಿಬಿಡ್ತೀನಿ. ಅಪಘಾತ ಹೇಗಾಯ್ತು ಅಂತ ಕೇಳಿದ್ದೆಯಲ್ಲ, ಬರೆದೇ ಹೇಳ್ತೀನಿ.

ಅಪ್ಪ ಕ್ಷೌರದಂಗಡಿ ಬಾಗಿಲು ಹಾಕಿಕೊಂಡು ಊಟಕ್ಕೆ ಬರ್ತಿದ್ದರು. ರಸ್ತೆ ದಾಟಿದ್ದು ಬಿಳಿ ಪಟ್ಟೆಯ ಮೇಲೇ. ಒಂದು ಬಸ್ಸು ಅವರಿಗಾಗಿ ನಿಂತಿತು. ಡ್ರೈವರ್ ಕೈ ಬೀಸಿ 'ಹೋಗಿ' ಅಂದ, ಇವರೂ ಕೈಯೆತ್ತಿ ನಕ್ಕರಂತೆ. ಬಸ್ಸು ಯಾಕೆ ನಿಂತಿದೆ ಅಂತ ಯೋಚಿಸೋ ವ್ಯವಧಾನ ಹಿಂದಿನ ಕಾರಿನವನಿಗೆ ಇರಲಿಲ್ಲ. ಪಕ್ಕದಿಂದ ನುಗ್ಗಿದ. ಬಸ್ಸಿನ ಮರೆಯಿಂದ ಅಪ್ಪ ಆಗಷ್ಟೇ ಆಚೆ ಕಾಲಿಟ್ಟಿದ್ದರು. ನಾನು ಹೊಲಿಗೆ ಮಷೀನಿನ ಮುಂದೆ ಕೂತಿದ್ದೆ. ಬ್ರೇಕಿನ ಸದ್ದು ಕೇಳಿ 'ಯಾರ ಮನೆಯವರೋ ಪಾಪ' ಅಂದುಕೊಂಡೆ.

ಕೇಸು ನಡೀತಿದೆ. ಕಾರಿನವನು ಇಲ್ಲೀತನಕ ಈ ಕಡೆ ತಲೆ ಹಾಕಿಲ್ಲ. ಬರೋದು ಬಸ್ ಡ್ರೈವರ್. ರಜೆ ಸಿಕ್ಕಾಗೆಲ್ಲ ಬಂದು ಬಾಗಿಲಲ್ಲೇ ನಿಲ್ತಾನೆ. "ನಾನು ನಿಲ್ಲಿಸದೇ ಹೋಗಿದ್ರೆ ಯಜಮಾನ್ರು ಫುಟ್‌ಪಾತ್ ಮೇಲೇ ಇರ್ತಿದ್ರಮ್ಮ. ಈಗ ಯಾರಿಗೂ ನಿಲ್ಲಿಸೋಕೆ ಧೈರ್ಯ ಬರಲ್ಲ" ಅಂತ ಮೊನ್ನೆ ಬಿಕ್ಕಿ ಬಿಕ್ಕಿ ಅತ್ತ. ನನಗೆ ಸಿಟ್ಟೇ ಬಂತು. "ನೀನೂ ನಿಲ್ಲಿಸದಿದ್ರೆ ನಡೆಯೋರು ಎಲ್ಲಿಗೆ ಹೋಗೋದಪ್ಪ? ನಿಂತವನದ್ದಲ್ಲ ತಪ್ಪು. ನಿಲ್ಲಿಸು. ಆದ್ರೆ ಕೈ ಬೀಸೋ ಮುಂಚೆ ಪಕ್ಕದ ಕನ್ನಡಿ ನೋಡು" ಅಂದೆ. ಊಟ ಹಾಕಿ ಕಳಿಸಿದೆ.

ಅಪ್ಪನ ತಲೆಯ ಗಾಯ ಮಾಗಿದೆ. ಹೊಟ್ಟೆ ತುಂಬ ಉಣ್ತಾರೆ. ನಿನ್ನೆ ಕತ್ತರಿ ಕೇಳಿ ಇಸ್ಕೊಂಡು ಅದೇ ಡ್ರೈವರಿಗೆ ಕಟಿಂಗ್ ಮಾಡಿದರು ಕಣೇ! ಒಂದು ಕಿವಿ ಹತ್ತಿರ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ. ಅವನು ಕನ್ನಡಿ ನೋಡಿಕೊಂಡು "ಈಗ ಇದೇ ಫ್ಯಾಷನ್ ಬಿಡಿ" ಅಂದ. ಎರಡು ತಿಂಗಳಲ್ಲಿ ಈ ಮನೇಲಿ ನಗು ಕೇಳಿದ್ದು ಅದೇ ಮೊದಲು.

ಎಳೆಗೂಸನ್ನ ಎತ್ತಿಕೊಂಡು ಓಡಿ ಬರಬೇಡ. ಅದಕ್ಕೆ ಕತ್ತು ನಿಲ್ಲಲಿ, ಆಮೇಲೆ ಬಾ. ನಿನ್ನ ಹೊಟ್ಟೆ ತಣ್ಣಗಿರಲಿ, ಮಗು ನೂರು ಕಾಲ ಬಾಳಲಿ.

ನಿನ್ನ
ಅಮ್ಮ

ತಾ.ಕ.: ಬಂದಾಗ ನೀನು ಗಾಬರಿಯಾಗಬಾರದು, ಅದಕ್ಕೇ ಹೇಳ್ತೀನಿ. ಅಪ್ಪನಿಗೆ ನನ್ನ ಗುರುತು ಸಿಗ್ತಿಲ್ಲ. ಇಷ್ಟು ವರ್ಷ 'ಲೇ, ಇವಳೇ' ಅಂತಿದ್ದವರು ಈಗ 'ನೀವು', 'ತಾಯಿ' ಅಂತಾರೆ. ಸಂಜೆಯಾದರೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ರಸ್ತೆ ನೋಡ್ತಾ ಕೂರ್ತಾರೆ. ಒಳಗೆ ಬನ್ನಿ ಅಂತ ಕರೆದರೆ, "ನೀವು ಹೋಗಿ ತಾಯಿ. ನನ್ನ ಹೆಂಡತಿ ಇನ್ನೂ ಬಂದಿಲ್ಲ. ಗಾಡಿಗಳು ಜಾಸ್ತಿ, ಅವಳನ್ನ ಕೈ ಹಿಡಿದು ದಾಟಿಸ್ಬೇಕು" ಅಂತಾರೆ.