ಕಸದಲ್ಲಿ ಸಿಕ್ಕ ಒಂದು ಸಾಲು

ಗ್ಯಾನೆಟ್ ಕೋವ್, ನ್ಯೂಫೌಂಡ್‌ಲ್ಯಾಂಡ್
ನವೆಂಬರ್ 14, 2019, ಗುರುವಾರ

ನನ್ನ ಮುದ್ದು ಮೊಮ್ಮಗಳು ಜೊಲೀನ್‌ಗೆ,

ಹೇಗಿದ್ದೀಯೆ ಮಗಳೇ? ಚಿಕ್ಕಂದಿನಲ್ಲಿ ಚಳಿ ಶುರುವಾದರೆ ಸಾಕು, ಎದೆ ಕಟ್ಟಿಕೊಂಡು ಗೊರಗೊರ ಅನ್ನುತ್ತಿದ್ದೆ. ಆಲ್ಬರ್ಟಾದ ಚಳಿ ನಮ್ಮದಕ್ಕಿಂತ ಕೆಟ್ಟದ್ದಂತೆ. ಒಳಗೆ ಉಣ್ಣೆಯ ಅಂಗಿ ಹಾಕಿಕೊಳ್ಳುತ್ತೀಯೋ, ಹೊಟ್ಟೆ ಕಾಣುವ ಆ ಗೇಣುದ್ದದ ಬಟ್ಟೆಯಲ್ಲೇ ತಿರುಗುತ್ತೀಯೋ? ನನಗೆ ಮಂಡಿಯೊಂದು ಬಿಟ್ಟರೆ ಉಳಿದದ್ದೆಲ್ಲ ನೆಟ್ಟಗಿದೆ. ಹಲ್ಲು ಹೋಗಿವೆ, ನಾಲಿಗೆ ಹೋಗಿಲ್ಲ. ಐದನೆಯ ತರಗತಿಗೇ ಶಾಲೆ ಬಿಟ್ಟು ಮೀನು ಒಣಗಿಸಲು ಹೋದವಳ ಬರವಣಿಗೆ ಇದು. ನಗು ಬಂದರೆ ನಗು, ಆದರೆ ಕೊನೆಯವರೆಗೂ ಓದು.

ನಿನ್ನ ಅಜ್ಜ ಹೆಡ್ಲಿ ತೀರಿಕೊಂಡ ವರ್ಷ ನೀನೇ ಅಲ್ಲವೇ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ನನಗೆ ಇಮೇಲ್ ಕಲಿಸಿದ್ದು? ಆಮೇಲೆ ಆ ಡ್ಯಾರೆನ್ ಜೊತೆ ಹೊರಟುನಿಂತೆ. “ಅವನ ಜೊತೆ ಹೋದ್ರೆ ಈ ಹೊಸ್ತಿಲು ತುಳೀಬೇಡ” ಅಂದವಳು ನಾನೇ. ಮರೆತಿಲ್ಲ. ಆದರೂ ನೀನು ಹಬ್ಬಹರಿದಿನಕ್ಕೆ ನಾಲ್ಕು ಸಾಲು ಬರೆಯುತ್ತಿದ್ದೆ. ನಾನು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಬರೆದು ಮುಗಿಸುತ್ತಿದ್ದೆ. ಇನ್ನೂ ಏನಾದರೂ ಬರೆಯಬಹುದಿತ್ತು.

ಅಷ್ಟರಲ್ಲಿ ಆ ಇಮೇಲ್ ಪೆಟ್ಟಿಗೆಗೆ ಯಾರ್ಯಾರೋ ಬರತೊಡಗಿದರು. ಕಿವಿಯ ಯಂತ್ರ ಮಾರುವವನು, ಮಂಡಿನೋವಿನ ಮುಲಾಮಿನವಳು, ಚಾವಣಿ ರಿಪೇರಿಯವನು. ಎಲ್ಲರಿಗೂ ನಾನು ‘ಪ್ರೀತಿಯ ಎಲ್ಫ್ರೀಡಾ’! ನಮ್ಮೂರಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ, ಸೀದಾ ಒಳಗೇ ಬರುತ್ತಾರೆ. ಬಂದವರನ್ನು ಮಾತಾಡಿಸದೆ ಕಳಿಸಿದರೆ ಆ ಮನೆಯವಳ ಹೆಸರು ಕೆಡುತ್ತದೆ. ಆ ಅಭ್ಯಾಸದಲ್ಲೇ ಒಬ್ಬೊಬ್ಬರಿಗೂ ಉತ್ತರ ಬರೆದೆ. ‘ಅಯ್ಯಾ, ನನ್ನ ಕಿವಿ ಚೆನ್ನಾಗಿದೆ, ಬೇಡದ್ದೂ ಕೇಳಿಸುತ್ತದೆ. ನಿನ್ನ ವ್ಯಾಪಾರಕ್ಕೆ ಒಳ್ಳೆಯದಾಗಲಿ.’ ಇನ್ನು ಕಳಿಸಬೇಡಿ ಎಂಬ ಗುಂಡಿ ಕಂಡಲ್ಲೆಲ್ಲ ಒತ್ತಿದೆ. ದಿನಕ್ಕೆ ಹತ್ತು ಬರುತ್ತಿದ್ದದ್ದು ಇನ್ನೂರಾಯಿತು.

ಅಂಚೆ ಕಚೇರಿಯ ಮ್ಯಾಕ್ಸೀನ್ ಬಂದು ನೋಡಿ ತಲೆ ಚಚ್ಚಿಕೊಂಡಳು. “ಅಯ್ಯೋ ಎಲ್ಫ್ರೀಡಾ ಅತ್ತೆ, ಅದೇನು ಮನುಷ್ಯರೇ? ಮಿಷನ್ನು! ನೀವು ಉತ್ತರ ಕೊಟ್ರೆ, ಇಲ್ಲೊಬ್ಬಳು ಜೀವಂತ ಇದ್ದಾಳೆ ಬನ್ರೋ ಅಂತ ಊರಿಗೆಲ್ಲ ಸಾರ್ತವೆ.” “ಹಾಗಾದ್ರೆ ಸತ್ತೋದ್ಲು ಅಂತ ಬರೆದುಬಿಡೇ” ಅಂದೆ. ನನಗೂ ರೇಗಿತ್ತು. ನೀನೂ ಸೇರಿ ನನ್ನ ಪಟ್ಟಿಯಲ್ಲಿರುವ ನಾಲ್ಕು ಜನ ಬಿಟ್ಟು ಒಂದು ನರಪಿಳ್ಳೆಯೂ ಒಳಗೆ ಬರಕೂಡದು, ಹಾಗೆ ಮಾಡು ಎಂದು ಹಟ ಹಿಡಿದೆ. “ಅಷ್ಟು ಬಿಗಿ ಬೇಡ ಅತ್ತೆ, ನಮ್ಮೋರೂ ಸ್ಪ್ಯಾಮ್ ಅನ್ನೋ ಕಸದ ಬುಟ್ಟಿಗೆ ಹೋಗಿ ಬೀಳ್ತಾರೆ. ಮೂವತ್ತು ದಿನ ಆದ್ರೆ ಅದೇ ಅಳಿಸಿಹಾಕುತ್ತೆ. ವಾರಕ್ಕೊಂದು ಸಲನಾದ್ರೂ ಅದನ್ನ ತೆಗೆದು ನೋಡಿ” ಅಂತ ಅವಳು ಬಡಿದುಕೊಂಡಳು. “ನನ್ನೋರು ಯಾರು ಅಂತ ನಂಗೊತ್ತಿಲ್ವೇನೇ?” ಅಂದೆ, ಹಾಗೇ ಮಾಡಿಸಿಯೂ ಬಿಟ್ಟೆ. ಮಾರುವವರ ಕಾಟಕ್ಕೆ ಅದೇ ವಾರ ಮನೆಯ ಫೋನನ್ನೂ ತೆಗೆಸಿಬಿಟ್ಟೆ. ಬೇಸಗೆಯಿಡೀ ಮನೆ ತಣ್ಣಗಿತ್ತು. ನಿನ್ನಿಂದಲೂ ಏನೂ ಬರಲಿಲ್ಲ. ಕೊಬ್ಬು ಇವಳಿಗೆ ಅಂದುಕೊಂಡೆ ನೋಡು, ನಿನ್ನನ್ನೇ.

ಹೋದ ವಾರ ಪಕ್ಕದ ಮನೆಯ ವರ್ನಾಳ ಮಗ ಕ್ಯಾವೆಲ್, ನಿನ್ನ ಊರಲ್ಲೇ ಕೆಲಸ ಮಾಡುವವನು, ರಜೆಗೆ ಬಂದಿದ್ದ. ಚಹಾ ಕೊಟ್ಟೆ. ಬೆರಿ ಜಾಮ್ ಹಚ್ಚಿದ ಬ್ರೆಡ್ಡು ತಿನ್ನುತ್ತಾ, ತಲೆ ಎತ್ತದೆ ಹೇಳಿದ: “ಅಜ್ಜೀ, ಜೊಲೀನ್ ಆ ಡ್ಯಾರೆನ್ ಮನೆ ಬಿಟ್ಟು ಐದು ತಿಂಗಳಾಯ್ತು. ಫೋನು, ಇಮೇಲು ಎಲ್ಲಾ ಅವನ ಹೆಸರಲ್ಲೇ ಇತ್ತಂತೆ, ಅಲ್ಲೇ ಬಿಟ್ಟು ಬಂದ್ಲಂತೆ. ಹೊಸ ಇಮೇಲಿಂದ ನಿಮಗೆ ಮೂರು ಸಲ ಬರೆದ್ಲಂತೆ. ನೀವು ತುಟಿ ಬಿಚ್ಚಲಿಲ್ಲವಂತೆ.” ನನ್ನ ಒಲೆಯ ಮೇಲೆ ಏನಿತ್ತೋ ಏನೋ, ಸೀದುಹೋಯಿತು. ಈ ಮಂಡಿಯಲ್ಲೇ ಮ್ಯಾಕ್ಸೀನ್ ಹತ್ತಿರ ಓಡಿದೆ.

ಮೊದಲಿನೆರಡನ್ನು ಯಂತ್ರ ಅಳಿಸಿಹಾಕಿತ್ತು. ಮ್ಯಾಕ್ಸೀನ್ ಎಲ್ಲೆಲ್ಲೋ ಬರೆದು ಕೇಳಿದಳು, ಹೋದದ್ದು ಬರುವುದಿಲ್ಲವಂತೆ. ಮೂರನೆಯದು ಮಾತ್ರ ಇತ್ತು, ಬೂಟಿನ ಜಾಹೀರಾತಿಗೂ ತೂಕ ಇಳಿಸುವ ಮಾತ್ರೆಗೂ ನಡುವೆ. ‘ಸರಿ ಅಜ್ಜಿ. ಅರ್ಥವಾಯಿತು. ಇನ್ನು ಕೇಳುವುದಿಲ್ಲ.’ ಇಷ್ಟೇ. ಮ್ಯಾಕ್ಸೀನ್ ಓದಿ ಹೇಳಿದಳು, ಆಮೇಲೆ ನಾನೇ ಕನ್ನಡಕ ಒರೆಸಿಕೊಂಡು ಓದಿದೆ. ಆಗಲೇ ಕೂತು ಉತ್ತರ ಕಳಿಸಿದೆ, ಮರುದಿನ ಮತ್ತೊಂದು. ನಿನ್ನಿಂದ ಸದ್ದಿಲ್ಲ. ಆ ಮಾರುವ ಕಳ್ಳರು ನನ್ನ ಇಮೇಲ್ ವಿಳಾಸವನ್ನೇ ತೊಟ್ಟುಕೊಂಡು ಲೋಕಕ್ಕೆಲ್ಲ ಗಂಡಸರ ಶಕ್ತಿಮಾತ್ರೆ ಮಾರುತ್ತಿದ್ದಾರಂತೆ. ಎಪ್ಪತ್ತೊಂಬತ್ತು ವಯಸ್ಸಿನ ನನ್ನ ಹೆಸರಲ್ಲಿ! ಹಾಗಾಗಿ ನನ್ನ ಪತ್ರ ಎಲ್ಲಿ ಹೋದರೂ ಈಗ ಕಸದ ಬುಟ್ಟಿಗೇ ಬೀಳುತ್ತದಂತೆ. ಇದಕ್ಕೆ ಮದ್ದೇನೇ ಅಂದರೆ ಮ್ಯಾಕ್ಸೀನ್ “ಇಲ್ಲ ಅತ್ತೆ” ಅಂದು ನನ್ನ ಭುಜ ಹಿಡಿದುಕೊಂಡಳು. ಅದಕ್ಕೇ ಕ್ಯಾವೆಲ್‌ನಿಂದ ನಿನ್ನ ಮನೆಯ ವಿಳಾಸ ಬರೆಸಿಕೊಂಡು ಈ ಕಾಗದ ಬರೆಯುತ್ತಿದ್ದೇನೆ.

ಯಂತ್ರವನ್ನು ಬಯ್ಯಲಾರೆ. ನಾನು ಹೇಳಿದ್ದನ್ನೇ ಅದು ಮಾಡಿತು. ಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ಮಾಡಿದ ಇನ್ನೂರು ಜನರಿಗೆ ಮರ್ಯಾದೆಯಿಂದ ಉತ್ತರ ಕೊಟ್ಟೆ, ನಿನಗೆ ಕೊಡಲಿಲ್ಲ. ಈಗ ಬಿಗಿಯನ್ನೆಲ್ಲ ಬಿಚ್ಚಿಸಿದ್ದೇನೆ. ಬೆಳಗ್ಗೆ ಕೂತರೆ ಮಧ್ಯಾಹ್ನದವರೆಗೂ ಒಂದೊಂದರ ಹೆಸರನ್ನೂ ಓದಿ ಓದಿ ಕೈಯಲ್ಲೇ ಅಳಿಸುತ್ತೇನೆ. ಕಣ್ಣು ಉರಿಯುತ್ತದೆ, ಉರಿಯಲಿ.

ಒಬ್ಬ ನರ್ಸಮ್ಮ ನಿನ್ನನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಾಳೆಂದು ಕ್ಯಾವೆಲ್ ಹೇಳಿದ. ಅವಳಿಗೆ ನನ್ನ ನಮಸ್ಕಾರ ತಿಳಿಸು, ನನ್ನ ಮಗುವಿಗೆ ಜಾಗ ಕೊಟ್ಟ ಕೈ ತಣ್ಣಗಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಜ್ಜಿ,
ಎಲ್ಫ್ರೀಡಾ

ತಾ.ಕ.: ಅಂಚೆ ಚೀಲ ದೋಣಿಗೆ ಹೊರಟಿದೆ, ಮ್ಯಾಕ್ಸೀನ್ ಕೂಗುತ್ತಿದ್ದಾಳೆ. ಆ ಎರಡು ಪತ್ರಗಳಲ್ಲಿ ನೀನು ನನ್ನನ್ನು ಕೇಳಿದ್ದೇನು ಎಂದು ನನಗೆ ಗೊತ್ತಿಲ್ಲ. ಕ್ಯಾವೆಲ್‌ಗೂ ನೀನು ಹೇಳಲಿಲ್ಲವಂತೆ. ಮತ್ತೊಮ್ಮೆ ಕೇಳಲು ಮನಸ್ಸು ಬಾರದಿದ್ದರೆ ಕೇಳಬೇಡ. ಅದು ಏನೇ ಆಗಿರಲಿ, ನಾನು ಹೂಂ ಅಂದಿದ್ದೇನೆ.