ಸುಳಿಕುದ್ರುವಿನ ರಾಜನನ್ನು ದಡದಲ್ಲೇ ಬಿಟ್ಟೆ

ಭಾವ,

'ಪೂಜ್ಯ' ಎಂದು ಬರೆಯಲು ಹೋಗಿ ಬಿಟ್ಟುಬಿಟ್ಟೆ. ಅಕ್ಕನ ಗಂಡ ಎಂಬ ಮರ್ಯಾದೆ ಇದೆ, ಅದಕ್ಕೇ 'ನೀವು' ಅನ್ನುತ್ತೇನೆ. ಅದಕ್ಕಿಂತ ಹೆಚ್ಚಿನದನ್ನು ನನ್ನಿಂದ ನಿರೀಕ್ಷಿಸಬೇಡಿ. ನಿಮ್ಮ ವರ್ಷಾಂತಿಕ ಕಳೆದು ಒಂದು ಮಳೆಗಾಲವೂ ಹೋಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಯಾರು ಆಡಿದ ಮಾತೋ! ಸಿಟ್ಟು ಬರಿಸಿದವರೇ ಹೋಗುವ ಮುಂಚೆ ಆಡಿಟ್ಟು ಹೋಗಿರಬೇಕು.

ಗುಲ್ವಾಡಿಯ ನಿಮ್ಮ ಜಗಲಿಯಲ್ಲಿ ಆ ಭಾನುವಾರ ಮಧ್ಯಾಹ್ನ ಊಟವಾಗಿ ಕೂತದ್ದು ನೆನಪಿದೆ. ಮೊಣಕಾಲು ನೋವೆಂದು ಯಕ್ಷಗಾನ ಮೇಳ ಬಿಟ್ಟು ಬಂದಿದ್ದ ಭಾಗವತ ಗಣಪಯ್ಯ ಕಂಬಕ್ಕೆ ಒರಗಿದ್ದರು. ಕುಂದಾಪುರದ ಅಂಗಡಿಗೆ ಅಂದು ರಜೆ ಮಾಡಿದ್ದ ನೀವು ಎಲೆಅಡಿಕೆ ಹಾಕಿಕೊಂಡು, "ರಾಮ ಕೃಷ್ಣರ ಕಥಿ ಎಲ್ಲಾ ಕಡಿಗೂ ಆತ್ತ್ ಗಣಪಯ್ಯ. ನಾವೊಂದ್ ಹೊಸ ಊರೇ ಮಾಡುವ. ಯಾವ ಪುರಾಣದಗೂ ಇಲ್ದಿದ್ದ್ ಊರ್" ಎಂದಿರಿ. ಅಕ್ಕನನ್ನು ನೋಡಲು ಬಂದಿದ್ದ ನನ್ನತ್ತ ತಿರುಗಿ, "ವನಜಾ, ನೀನೂ ಕೂಕೋ. ಟೀಚರ್ ಅಲ್ದಾ ನೀನ್, ತಲಿ ಓಡ್ತ್" ಎಂದಿರಿ. ಕರೆದವರು ನೀವೇ. ಅದನ್ನು ನಾನು ಎಲ್ಲೂ ಅಲ್ಲಗಳೆದಿಲ್ಲ. ಕರೆಯದೇ ಇದ್ದಿದ್ದರೆ ನನಗೆ ಇಷ್ಟು ಉರಿಯುತ್ತಲೂ ಇರಲಿಲ್ಲ.

ಹೆಸರಿಟ್ಟ ದಿನ ಎಷ್ಟು ನಕ್ಕೆವು! ನಮ್ಮ ಹೊಳೆಯ ನಡುವಿನ ಕುದ್ರುಗಳಂಥದ್ದೇ ಒಂದು ನಡುಗಡ್ಡೆ, ಸುತ್ತ ಸುಳಿ, ಅದಕ್ಕೇ ಸುಳಿಕುದ್ರು. ರಾಜ, ಯುದ್ಧ, ಆಸ್ಥಾನ ನಿಮ್ಮ ಪಾಲಿಗೆ. ದೇವರು, ಹಬ್ಬ, ಹಾಡು ಗಣಪಯ್ಯನವರಿಗೆ. ಊರಿನ ಜನ, ಅವರ ಊಟ, ಜಗಳ, ಆಣೆ ಪ್ರಮಾಣ ಎಲ್ಲ ನನಗೆ. ಅಲ್ಲಿ ಸಿಹಿನೀರು ಎಲ್ಲಿಂದ ಬರುತ್ತದೆ ಎಂದು ಒಂದು ಇಡೀ ಮಧ್ಯಾಹ್ನ ವಾದ ಮಾಡಿದೆವು. ಕೊನೆಗೆ ಹಲಸಿನ ಮರದ ಬುಡದಲ್ಲಿ ಹೆಂಗಸರೇ ತೋಡಿದ ಒಂದು ಬಾವಿ ಇದೆ ಎಂದು ನಾನು ಮಾಡಿದೆ. ಆಗಲಿ ಎಂದಿರಿ. ಊರನ್ನು ಮೂರು ಜನ ಸೇರಿ ಕಟ್ಟುವುದು ಸುಲಭ ಎಂದು ಆಗ ಅನಿಸಿದ್ದು ನನಗೊಬ್ಬಳಿಗೋ, ನಿಮಗೂ...

ಕಷ್ಟ ಶುರುವಾದದ್ದು ನಿಮ್ಮ ಆನೆಗಳಿಂದ. ಒಂದು ಭಾನುವಾರ ಬಂದರೆ ಸುಳಿಕುದ್ರುವಿನ ತುಂಬ ಆನೆ. "ಆನಿ ದೋಣಿಯಗೆ ಹ್ಯಾಂಗ್ ದಾಟಿತ್ತ್ ಭಾವಾ?" ಎಂದು ಕೇಳಿದೆ. "ರಾಜ ಅಂದ್ರ್ ಮೇಲೆ ಆನಿ ಬೇಕ್ ಹೆಣೆ" ಎಂದಿರಿ. ಮತ್ತೊಂದು ವಾರ ಗಣಪಯ್ಯನವರ ಹೊಳೆಪೂಜೆಯ ಹಬ್ಬವನ್ನೇ ತೆಗೆದು ಅಲ್ಲಿ ರಾಜನ ಹುಟ್ಟುಹಬ್ಬ ಹಾಕಿದ್ದಿರಿ. ಆ ವಾರ ಅವರು ಹಾಡಲಿಲ್ಲ. ಆಮೇಲೆ ನಾನೇ ಒಂದು ಕಟ್ಟಳೆ ತಂದೆ: ಒಬ್ಬರು ಹುಟ್ಟಿಸಿದವರನ್ನು ಇನ್ನೊಬ್ಬರು ಕೇಳದೆ ಮುಟ್ಟಬಾರದು. "ಸೈ, ಒಪ್ಪಿದೆ" ಎಂದು ತೊಡೆ ತಟ್ಟಿ ಹೇಳಿದವರು ಯಾರು, ಭಾವ?

ದುಗ್ಗಿಯನ್ನು ಮೊದಲು ಆಡಿ ತೋರಿಸಿದ ದಿನ ಅಕ್ಕ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ನೀವು ನೋಡಲಿಲ್ಲ. ದುಗ್ಗಿ ಸುಳಿಕುದ್ರುವಿನ ದೋಣಿಯವಳು. ಅವಳು ಹತ್ತಿಸಿಕೊಳ್ಳದೆ ರಾಜನಾದರೂ ಊರು ಸೇರುವ ಹಾಗಿಲ್ಲ. "ಸೊಕ್ಕ್ ದಡದ್ ಮೇಲೆ ಇಟ್ಟ್ ಹತ್ತ್ ಮಾರಾಯ, ನನ್ ದೋಣಿಗ್ ಭಾರ ಆತ್ತ್" ಎಂದು ನಾನು ಅವಳ ಮಾತಾಡಿದಾಗ ನೀವೂ ಗಣಪಯ್ಯನೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅಕ್ಕ ನಗಲಿಲ್ಲ. ಅದು ನಮ್ಮ ಅಬ್ಬಿಯ ಬಾಯಿ. ನಾವು ಸಣ್ಣವರಿರುವಾಗಲೇ ತೀರಿಕೊಂಡ ನಮ್ಮ ಅಮ್ಮ, ಮನೆಗೆ ಯಾರು ಗತ್ತಿನಿಂದ ಬಂದರೂ ಹೀಗೇ ಮಾತಾಡಿಸುತ್ತಿದ್ದಳು. ನನ್ನ ಹತ್ತಿರ ಅವಳದೆಂದು ಉಳಿದಿದ್ದದ್ದು ಆ ಮಾತಿನ ವರಸೆ ಒಂದೇ. ಅದನ್ನು ತಂದು ನಿಮ್ಮ ಊರಿನಲ್ಲಿ ಇಟ್ಟಿದ್ದೆ.

ಬೈಂದೂರಿನ ಆ ಮದುವೆಯ ಚಪ್ಪರ ಈಗಲೂ ಕಣ್ಣಿಗೆ ಕಟ್ಟುತ್ತದೆ. ಊಟದ ನಂತರ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡುವುದು. ನಮ್ಮ ಸುಳಿಕುದ್ರು ಮೊದಲ ಸಲ ಜನರೆದುರು ಬರುವುದು! ದುಗ್ಗಿಯ ಅರ್ಥ, ಅಂದರೆ ಅವಳ ಮಾತು, ನಾನು ಹೇಳುತ್ತೇನೆ ಎಂದಿದ್ದಕ್ಕೆ, "ಹೆಂಗ್ಸ್ರ್ ಅರ್ಥ ಹೇಳುದ್ ನಮ್ ಕಡೆ ಎಲ್ಲಿತ್ತ್? ನಗಾಡ್ತ್ರ್" ಎಂದು ಕಿರಿಮಂಜೇಶ್ವರದ ಹೆರಿಯಣ್ಣನನ್ನು ಕೂರಿಸಿದಿರಿ. ರಾಜ ವಜ್ರಕೇತು ನೀವೇ. ನಾನು ಹೆಂಗಸರ ನಡುವೆ ಅಕ್ಕನ ಪಕ್ಕ ಕೂತೆ. ಮದುವೆ ಮನೆಯ ಯಜಮಾನರು ಎದ್ದು ನಿಂತು, ಈ ಪ್ರಸಂಗ, ಈ ಊರು ಎಲ್ಲವೂ ನಿಮ್ಮೊಬ್ಬರ ಕಲ್ಪನೆ ಎಂದು ಹೇಳಿದಾಗ ನೀವು ಕೈಮುಗಿದಿರಿ. ಭಾಗವತರ ಜಾಗದಲ್ಲಿದ್ದ ಗಣಪಯ್ಯ ತಲೆ ತಗ್ಗಿಸಿ ತಾಳ ಒರೆಸಿದರು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ನಿಮ್ಮ ವಜ್ರಕೇತು ದುಗ್ಗಿಯನ್ನು ಆಸ್ಥಾನಕ್ಕೆ ಎಳೆಸಿದ. ಶತ್ರುಗಳಿಂದ ಬಂಗಾರ ತಿಂದು ದೋಣಿ ಬಿಟ್ಟವಳು ಎಂದ. ನನ್ನ ದುಗ್ಗಿ! ಹೆರಿಯಣ್ಣನ ಬಾಯಲ್ಲಿ ಅವಳು "ತಪ್ಪಾಯಿತು ಪ್ರಭು" ಎಂದು ಅತ್ತಳು. ಅಬ್ಬಿ ಯಾವತ್ತಾದರೂ ಯಾರ ಕಾಲಿಗಾದರೂ ಬಿದ್ದಿದ್ದಳೆ? ನೀವು ಅವಳ ತಲೆ ತೆಗೆಸಿದಿರಿ. ಚಪ್ಪರದ ತುಂಬ ಚಪ್ಪಾಳೆ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು, ಸುತ್ತಿ ಸುತ್ತಿ ಬೆರಳು ಕೆಂಪಾಗಿತ್ತು.

ಮರುದಿನ ಬೆಳಿಗ್ಗೆಯೇ ನಿಮ್ಮ ಜಗಲಿಗೆ ಬಂದು ಕೇಳಿದೆನಲ್ಲ?

"ದುಗ್ಗಿನ್ನ್ ಎಂತಕ್ಕೆ ಕೊಂದ್ರಿ?"

"ಜನಕ್ಕ್ ಒಂದ್ ಪೆಟ್ಟ್ ಬೇಕ್ ಹೆಣೆ. ಯಾರಾರೂ ಸಾಯ್ದೆ ಕಥಿ ಏಳುದಿಲ್ಲ."

"ನಿಮ್ ಮಂತ್ರಿನ್ನ್ ಕೊಲ್ಲುಕ್ ಆತಿರ್ಲಿಲ್ಯಾ?"

"ಅಂವ ಮುಂದಕ್ಕ್ ಬೇಕ್. ಎಂತಾ ನೀನ್, ಇಲ್ದಿದ್ದ್ ಹೆಂಗ್ಸಿಗ್ ಹೀಂಗ್ ಮರ್ಕ್ತೆ?"

ಇಲ್ಲದ ಹೆಂಗಸಿಗಾಗಿ ಅಳುವುದಂತೆ. ಆ ಮಾತಿಗೆ ನಾನು ಮೆಟ್ಟಿಲಿಳಿದವಳು ಮತ್ತೆ ಆಟಕ್ಕೆ ಬರಲಿಲ್ಲ. ಅಕ್ಕನನ್ನು ನೋಡಲು ಬಂದರೂ ಹಿಂಬಾಗಿಲಿನಿಂದ ಬಂದೆ, ಅಲ್ಲಿಂದಲೇ ಹೋದೆ. ಗಣಪಯ್ಯನೂ ಕಾಲು ನೋವೆಂದು ನಿಂತರು. ಸುಳಿಕುದ್ರು ನಿಮ್ಮೊಬ್ಬರದಾಯಿತು. ಬ್ರಹ್ಮಾವರದವರೆಗೂ ಹೋಗಿ ಅರ್ಥ ಹೇಳಿ ಶಾಲು ಹೊದೆಸಿಕೊಂಡು ಬಂದಿರಿ.

ನೀವು ಹಾಸಿಗೆ ಹಿಡಿದಾಗ ಹೇಳಿಕಳಿಸಿದಿರಿ. ಕ್ಷಮೆ ಕೇಳುತ್ತೀರೇನೋ ಎಂದು ಅಂದುಕೊಂಡೇ ಬಂದೆ, ಸುಳ್ಳು ಯಾಕೆ ಹೇಳಲಿ. ನೀವು ದಿಂಬಿಗೆ ಒರಗಿ, "ಹೊಸ ಪ್ರಸಂಗದಗೆ ದುಗ್ಗಿಗೊಂದ್ ಮಗಳ್ ಮಾಡಿದ್ದೆ. ಅವ್ಳ್ ಎಂತ ಹೇಳಿರೂ ನನ್ ರಾಜ ಮಾತಾಡ್ದಾಂಗೇ ಆತ್ತ್. ಸ್ವಲ್ಪ ಮಾತ್ ಹಾಕಿ ಕೊಡ್" ಎಂದಿರಿ. ನಿಮಗೆ ಬಾರದಿದ್ದದ್ದು ದುಗ್ಗಿಯ ಆ ಬಾಯಿ ಒಂದೇ. ಕೊಂದಮೇಲೆ ಗೊತ್ತಾಯಿತು. "ಇಲ್ದಿದ್ದ್ ಹೆಂಗ್ಸಿಗ್ ಮಗಳ್ ಹ್ಯಾಂಗ್ ಆತ್ತ್ ಭಾವಾ?" ಎಂದೆ. ನೀವು ಗೋಡೆಯ ಕಡೆ ತಿರುಗಿದಿರಿ. ನಮ್ಮ ಕೊನೆಯ ಮಾತು ಅದೇ. ಬೇರೆ ಏನಾದರೂ ಹೇಳಬೇಕಿತ್ತು ಎಂದು ನನಗೆ ಒಂದು ದಿನವೂ ಅನಿಸಿಲ್ಲ.

ಈಗ ನೀವು ಕೇಳದ ಸುದ್ದಿ. ಕಳೆದ ತಿಂಗಳು ಕಿರಿಮಂಜೇಶ್ವರದಲ್ಲಿ, ಹೆರಿಯಣ್ಣನ ಅಂಗಳದಲ್ಲಿ, ಮಧ್ಯಾಹ್ನ ಸುಳಿಕುದ್ರುವಿನ ತಾಳಮದ್ದಳೆ ಆಯಿತು. ಗಣಪಯ್ಯನವರ ಹಾಡು. ದುಗ್ಗಿ ನಾನು. ಹೌದು, ಹೆಂಗಸೇ ಅರ್ಥ ಹೇಳಿದ್ದು, ಯಾರೂ ನಗಾಡಲಿಲ್ಲ. ರಾಜ ಯಾರಾಗುವುದು ಎಂದಾಗ ಹೆರಿಯಣ್ಣ ತಾನೇ ಮುಂದೆ ಬಂದ. "ಅವತ್ ಸತ್ತದ್ದೂ ನಾನೇ ವನಜಕ್ಕಾ, ಇವತ್ ಸೋಲುದೂ ನಾನೇ ಆಯ್ಲಿ" ಎಂದ.

ಬೇಟೆ ಮುಗಿಸಿ ರಾಜ ದಡಕ್ಕೆ ಬಂದ, ದೋಣಿ ಕರೆದ. ಹೆರಿಯಣ್ಣ ನಿಮ್ಮ ಹಾಗೆಯೇ ಗಂಟಲು ಕೆರೆದು, ನಿಮ್ಮ ಹಾಗೆಯೇ ಶಾಲು ಎಳೆದುಕೊಂಡ. ಜನ ಗುರುತು ಹಿಡಿದು ಕಿಸಕ್ಕೆಂದರು. ನಾನು ಕೇಳಿದೆ: "ಈ ಊರಿನ್ ರಾಜ ಅಂಬ್ರಲೆ ನೀವ್? ನಿಮ್ ಊರಗೆ ಕುಡೂ ನೀರ್ ಎಲ್ಲಿತ್ತ್, ಹೇಳಿ ಕಾಂಬ?" ರಾಜ ತಡವರಿಸಿದ. "ಹೊಳಿಪೂಜಿ ಯಾವಾಗ?" ಗೊತ್ತಿಲ್ಲ. "ಆನಿ ಎಷ್ಟಿತ್ತ್?" ಎಂದ ಕೂಡಲೇ ಎದೆ ಉಬ್ಬಿಸಿ ಲೆಕ್ಕ ಶುರುಮಾಡಿದ. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು, ಭಾವ. ವಜ್ರಕೇತುವಿನ ಹೆಸರು ಕೇಳಿದರೆ ಈಗ ಹುಡುಗರೂ ನಗುತ್ತಾರೆ. ನಾನು ಅವನನ್ನು ಕೊಲ್ಲಲಿಲ್ಲ. ಸತ್ತ ರಾಜನಿಗೆ ಒಂದು ಗೌರವ ಸಿಕ್ಕಿಬಿಡುತ್ತದೆ. ದೋಣಿ ತಿರುಗಿಸಿ, ಅವನನ್ನು ದಡದಲ್ಲೇ ಬಿಟ್ಟು ಬಂದೆ.

ಮುಗಿದ ಮೇಲೆ ಗಣಪಯ್ಯ ಎದ್ದು ಊರು ಕಟ್ಟಿದವರ ಹೆಸರು ಹೇಳಿದರು. ನನ್ನದು, ಅವರದು. ನಿಮ್ಮದು ಬೇಡ ಎಂದು ನಾನೇ ಹೇಳಿದ್ದೆ. ಅಕ್ಕ ಮುಂದಿನ ಸಾಲಿನಲ್ಲೇ ಇದ್ದಳು. ಏನನ್ನುತ್ತಾಳೋ ಎಂದು ಹತ್ತಿರ ಹೋದರೆ ನನ್ನ ಕೈ ಹಿಡಿದು, "ಅಬ್ಬಿ ಸ್ವರ ಕೇಂಡ್ ಎಷ್ಟ್ ಕಾಲ ಆಗಿತ್ತ್ ಹೆಣೆ" ಎಂದಳು. ನಿಮ್ಮ ಹೆಸರಿನ ಮಾತೇ ಎತ್ತಲಿಲ್ಲ.

ಹೋದ ಭಾನುವಾರ ನಾವು ಮತ್ತೆ ನಿಮ್ಮ ಜಗಲಿಯಲ್ಲಿ ಕೂತಿದ್ದಾಗ ಅಕ್ಕ ಕಾಫಿ ಕೊಟ್ಟು ಒಳಗೆ ಹೋಗಲಿಲ್ಲ, ಅಲ್ಲೇ ಕೂತಳು. "ಆ ರಾಜಂಗೊಬ್ಳ್ ಹೆಂಡ್ತಿ ಇದ್ದಿರ್ಕಲೆ. ಅವ್ಳ್ ಹೆಸ್ರ್ ಎಂತ?" ಎಂದು ಕೇಳಿದಳು. ನಾನೂ ಗಣಪಯ್ಯನೂ ಮುಖ ಮುಖ ನೋಡಿಕೊಂಡೆವು. ಇಷ್ಟು ವರ್ಷ ನಡೆಸಿದ ಆಟದಲ್ಲಿ ನೀವು ರಾಣಿಗೆ ಹೆಸರನ್ನೇ ಇಟ್ಟಿರಲಿಲ್ಲ. ಅಕ್ಕ ಇಟ್ಟಿದ್ದಾಳೆ. ಬೇಸಿಗೆಯಲ್ಲಿ ಶಂಕರನಾರಾಯಣದಲ್ಲಿ ತಾಳಮದ್ದಳೆ ಒಪ್ಪಿಕೊಂಡಿದ್ದೇವೆ. ರಾಣಿಯ ಅರ್ಥ ಅವಳೇ ಹೇಳುತ್ತಾಳಂತೆ. ಗಂಡ ಸತ್ತವಳು ಸಭೆಯಲ್ಲಿ ಕೂರುವುದೇ ಎಂದು ಊರಿನವರು ಆಗಲೇ ಗೊಣಗುತ್ತಿದ್ದಾರೆ, ಅವಳು ಕಿವಿಗೆ ಹಾಕಿಕೊಂಡಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಒಬ್ಬಳೇ ಮಾತು ಹೊಂದಿಸುತ್ತಿರುತ್ತಾಳೆ. ನಾನು ಹತ್ತಿರ ಹೋದರೆ ನಿಲ್ಲಿಸುತ್ತಾಳೆ. ರಾಜನಿಗೆ ಅವಳು ಏನು ಹೇಳಬೇಕೆಂದಿದ್ದಾಳೋ ನನಗೂ ತಿಳಿಯದು. ನೀವು ಬದುಕಿದ್ದು, ಎದುರು ಕೂತು ಕೇಳಬೇಕಿತ್ತು.

ನಿಮ್ಮ ನಾದಿನಿ,
ವನಜ